ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ನೀವು ಕಳಿಸಿದ ‘ಅಂಕಿಗಳಿಗೆ ಅಂಜದಿರಿ’ ಓದಿದೆ. ಪದವಿಯಲ್ಲಿ ಜೀವವಿಜ್ಞಾನ ಓದುವವರಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಹೇಗೆ ಹೇಳಿಕೊಡಬೇಕು ಅನ್ನುವುದರ ಬಗ್ಗೆ ಐದು ಪುಟ ಬರೆದಿದ್ದೀರಿ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಾಲ್ಕನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಸಿಕ್ಕಿಹಾಕಿಕೊಂಡಿದೆ. ಅದನ್ನು ನೀವೇ ಗಮನಿಸಿದಂತಿಲ್ಲ.

ಮೊದಲ ಮೂರು ಪುಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಖ್ಯಾಶಾಸ್ತ್ರ ಎಂದರೇನು ಅಂತ ಒಂದು ವ್ಯಾಖ್ಯೆ. ಜೀವವಿಜ್ಞಾನ ಆರಿಸಿಕೊಳ್ಳುವವರು ಗಣಿತದಿಂದ ತಪ್ಪಿಸಿಕೊಂಡು ಬಂದವರು ಅಂತ ಒಂದು ಗೊಣಗು. ಆಮೇಲೆ ‘ಆಸಕ್ತಿ ಹುಟ್ಟುವಂತೆ ಕಲಿಸಬೇಕು’, ‘ನಿತ್ಯಜೀವನದ ಉದಾಹರಣೆ ಕೊಡಬೇಕು’. ಬೇಡ ಅನ್ನುವವರು ಯಾರಿದ್ದಾರೆ ಹೇಳಿ? ಯಾರೂ ತಕರಾರು ತೆಗೆಯದ ಮಾತಿಗೆ ಮೂರು ಪುಟ ಖರ್ಚು ಮಾಡಿದ್ದೀರಿ. ಅಷ್ಟನ್ನೂ ಕಿತ್ತುಹಾಕಿ.

ಅಷ್ಟಕ್ಕೂ ಗಣಿತದ ಭಯವೇ ಮುಖ್ಯ ತೊಡಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೂಡಿ ಕಳೆಯುವ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಎಡವುವುದು ಅದಕ್ಕೂ ಮೊದಲು, ಏನನ್ನು ಒಂದು ಅಂತ ಎಣಿಸಬೇಕು ಎಂಬಲ್ಲಿ. ಇದಕ್ಕೆ ಸಾಕ್ಷಿ ನಿಮ್ಮ ನಾಲ್ಕನೇ ಪುಟದಲ್ಲೇ ಇದೆ.

ಅಲ್ಲಿ ನಿಮ್ಮ ವಿದ್ಯಾರ್ಥಿಗಳು ಬೀನ್ಸ್ ಸಸಿಗಳಿಗೆ ಉಪ್ಪುನೀರು ಹಾಕಿ ನೋಡುತ್ತಾರೆ. ಆರು ಕುಂಡ. ಮೂರಕ್ಕೆ ಉಪ್ಪುನೀರು, ಮೂರಕ್ಕೆ ಬರಿನೀರು. ಒಂದೊಂದು ಕುಂಡದಲ್ಲಿ 12 ಸಸಿ. ಎಲ್ಲ 72 ಸಸಿಗಳ ಎತ್ತರ ಅಳೆದರು. ಒಬ್ಬ ಹುಡುಗಿ ಒಂದೊಂದು ಗುಂಪಿಗೆ ಎನ್ (ಸ್ವತಂತ್ರ ಅಳತೆಗಳ ಸಂಖ್ಯೆ) 36 ಅಂತ ಹಾಕಿ ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ) ಮಾಡಿದಳು. ಪಿ-ವ್ಯಾಲ್ಯೂ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.03 ಬಂತು. ಅದು 0.05ಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ, ಹಾಗಾಗಿ ಕ್ಲಾಸಿಗೆಲ್ಲ ಖುಷಿಯಾಯಿತು. ಆಗ ನೀವು ‘ಎನ್ 36 ಅಲ್ಲ, 3’ ಅಂದಿರಿ. ಕುಂಡಕ್ಕೊಂದು ಸರಾಸರಿ ತೆಗೆದು ಮತ್ತೆ ಲೆಕ್ಕ ಹಾಕಿಸಿದಿರಿ. ಪಿ 0.05 ದಾಟಿತು. ‘ಹಾಗಾದರೆ ಉಪ್ಪಿನಿಂದ ಸಸಿಗೆ ಏನೂ ಆಗಲ್ವಾ ಸರ್?’ ಅಂತ ಅವಳು ಕೇಳಿದಳು. ‘ಕೆಲವರಿಗೆ ನಿರಾಶೆಯಾಯಿತು’ ಎಂಬ ಒಂದೇ ಸಾಲಿನಲ್ಲಿ ಇದನ್ನು ಮುಗಿಸಿ ನೀವು ಮುಂದಿನ ಉಪಶೀರ್ಷಿಕೆಗೆ ಹಾರಿಬಿಟ್ಟಿದ್ದೀರಿ.

ಅಲ್ಲೇ ನಿಲ್ಲಬೇಕಿತ್ತು ನೀವು! ಇಡೀ ಲೇಖನ ಅಲ್ಲಿದೆ.

36 ಯಾಕೆ ಅಲ್ಲ, 3 ಯಾಕೆ? ಓದುಗರಿಗೆ ನೀವು ಇದನ್ನು ಹೇಳಿಯೇ ಇಲ್ಲ. ಉಪ್ಪುನೀರು ಬಿದ್ದದ್ದು ಕುಂಡಕ್ಕೆ. ಒಂದು ಕುಂಡದ 12 ಸಸಿಗಳಿಗೂ ಅದೇ ಮಣ್ಣು, ಅದೇ ಬೆಳಕು, ಅದೇ ಕೈಯಿಂದ ಬಿದ್ದ ನೀರು. ಒಂದು ಕುಂಡದ ಮಣ್ಣು ಗಟ್ಟಿಯಾಗಿದ್ದರೆ ಹನ್ನೆರಡೂ ಒಟ್ಟಿಗೆ ಕುಗ್ಗುತ್ತವೆ. ಹಾಗಾಗಿ ಅವು ಹನ್ನೆರಡು ಸ್ವತಂತ್ರ ಸಾಕ್ಷಿಗಳಲ್ಲ. ಇದನ್ನು ಬರೆಯುವಾಗ ಒಂದು ಸಂಗತಿ ಸೇರಿಸಬಹುದು. 1984ರಲ್ಲಿ ಪರಿಸರ ವಿಜ್ಞಾನಿ ಸ್ಟೂವರ್ಟ್ ಹರ್ಲ್‌ಬರ್ಟ್ ಪ್ರಕಟವಾದ ಪ್ರಯೋಗಗಳನ್ನೇ ಜಾಲಾಡಿ, ಪಳಗಿದ ಸಂಶೋಧಕರೂ ಈ ತಪ್ಪು ಮಾಡುತ್ತಿದ್ದಾರೆ ಎಂದು ತೋರಿಸಿದರು. ಅದಕ್ಕೆ ಸೂಡೋರೆಪ್ಲಿಕೇಶನ್ (ಹುಸಿ ಪುನರಾವರ್ತನೆ) ಅಂತ ಹೆಸರಿಟ್ಟರು. ನಿಮ್ಮ ವಿದ್ಯಾರ್ಥಿನಿ ಏನೂ ದಡ್ಡಿಯಲ್ಲ, ಅವಳು ಜಾರಿದ್ದು ದೊಡ್ಡವರೂ ಜಾರಿದ ಜಾಗದಲ್ಲೇ.

ಇನ್ನು ಅವಳ ಪ್ರಶ್ನೆ. ಉಪ್ಪು ಜಾಸ್ತಿಯಾದರೆ ಬೇರು ನೀರು ಹೀರಲು ಒದ್ದಾಡುತ್ತದೆ ಅಂತ ಅವಳೇ ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಬರೆದಿರುತ್ತಾಳೆ. ಪಿ 0.05 ದಾಟಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಪರಿಣಾಮ ಇದ್ದರೂ ಅದನ್ನು ಹಿಡಿಯಲು ಗುಂಪಿಗೆ ಮೂರು ಕುಂಡ ಸಾಲದೇ ಹೋಗಬಹುದು. ‘ಕಾಣಲಿಲ್ಲ’ ಅನ್ನುವುದಕ್ಕೂ ‘ಇಲ್ಲ’ ಅನ್ನುವುದಕ್ಕೂ ಇರುವ ದೂರವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಾ? ಅವಳಿಗೆ ನೀವು ಕ್ಲಾಸಿನಲ್ಲಿ ಏನು ಉತ್ತರ ಕೊಟ್ಟಿರಿ ಎಂದು ಬರೆಯಿರಿ. ಉತ್ತರ ಕೊಡದೆ ಬೆಲ್ ಹೊಡೆದಿದ್ದರೆ ಅದನ್ನೂ ಬರೆಯಿರಿ.

ಇಲ್ಲಿ ಟಿ-ಟೇಬಲ್ ತೆರೆದಿಡಿ. 72 ಸಸಿಗಳನ್ನು 72 ಅಂತಲೇ ಎಣಿಸಿದರೆ ಡಿಗ್ರೀಸ್ ಆಫ್ ಫ್ರೀಡಂ (ಇಲ್ಲಿ ಒಟ್ಟು ಎಣಿಕೆಯಿಂದ ಎರಡು ಗುಂಪುಗಳಿಗೆ ಎರಡು ಕಳೆದದ್ದು) 70. ಶೇಕಡಾ 5ರ ಮಟ್ಟದಲ್ಲಿ (ಅಂದರೆ ಪಿ 0.05ಕ್ಕಿಂತ ಕಡಿಮೆ ಬರಬೇಕಾದರೆ) ಟಿ, ಅಂದರೆ ಟಿ-ಟೆಸ್ಟ್‌ನಲ್ಲಿ ಬರುವ ಅಂಕಿ, ದಾಟಬೇಕಾದ ಗೆರೆ 1.99. ಆರು ಕುಂಡ ಅಂತ ಎಣಿಸಿದರೆ ಡಿಗ್ರೀಸ್ ಆಫ್ ಫ್ರೀಡಂ ಬರೀ 4, ಗೆರೆ 2.78ಕ್ಕೆ ಏರುತ್ತದೆ. ಈಗ ಅದೇ 72 ಸಸಿಗಳನ್ನು 24 ಕುಂಡಗಳಲ್ಲಿ ಮೂರು ಮೂರರಂತೆ ನೆಟ್ಟಿದ್ದರೆ? ಡಿಗ್ರೀಸ್ ಆಫ್ ಫ್ರೀಡಂ 22, ಗೆರೆ 2.07. ಅಳೆಯುವ ಕೆಲಸ ಅಷ್ಟೇ, ಕುಂಡ ಮಾತ್ರ ಜಾಸ್ತಿ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಕ್ಕೆ ಕೈಹಾಕಿದರೆ ತಡವಾಯಿತು ಅನ್ನುವುದು ಈ ಮೂರು ಅಂಕಿಗಳಲ್ಲೇ ಓದುಗರಿಗೆ ಹೊಳೆಯುತ್ತದೆ.

ಇನ್ನೊಂದು ಪ್ರಶ್ನೆ. ಕುಂಡಗಳು ಎಲ್ಲಿದ್ದವು? ಉಪ್ಪುನೀರಿನ ಮೂರೂ ಕಿಟಕಿಯಿಂದ ದೂರ ಕೂತಿದ್ದರೆ ನೀವು ಅಳೆದದ್ದು ಉಪ್ಪನ್ನೋ ಕತ್ತಲನ್ನೋ ಹೇಳಲಾಗುವುದಿಲ್ಲ. ಯಾವ ಕುಂಡ ಎಲ್ಲಿ ಅಂತ ಚೀಟಿ ಎತ್ತಿದಿರಾ? ಎತ್ತಿದ್ದರೆ ತಪ್ಪದೆ ಹೇಳಿ.

ನಿಮ್ಮ ‘ಇತಿಹಾಸದ ಇಣುಕುನೋಟ’ದಲ್ಲಿ ಸಂಖ್ಯಾಶಾಸ್ತ್ರ ಕಟ್ಟಿದ ಪಿಯರ್ಸನ್, ಫಿಶರ್, ಗಾಸೆಟ್ ಎಲ್ಲರೂ ಹಾಜರಿ ಹಾಕಿ ಹೋಗುತ್ತಾರೆ. ಒಬ್ಬರೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಗಾಸೆಟ್ ಒಬ್ಬರೇ ಸಾಕು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಅಳತೆಗಳು. ದೊಡ್ಡ ಸ್ಯಾಂಪಲ್‌ಗಳ ಹಳೆಯ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅವರು ಪ್ರಕಟಿಸಿದ ಲೇಖನವೇ ಟಿ-ಟೆಸ್ಟ್‌ಗೆ ಮೂಲ. ನಿಮ್ಮ ಮೂರು ಕುಂಡಗಳ ಕಷ್ಟ ಅವರದೂ ಆಗಿತ್ತು. ಟೇಬಲ್‌ನ 2.78ರ ಪಕ್ಕದಲ್ಲೇ ಅವರನ್ನು ತನ್ನಿ. ಮಿಕ್ಕವರನ್ನು ಬಿಡಿ.

ಈಗ ತಪ್ಪುಗಳು. ‘ಪಿ 0.03 ಅಂದರೆ ನಮ್ಮ ಊಹೆ ನಿಜವಾಗಿರುವ ಸಂಭವ ಶೇಕಡಾ 97’ ಅಂತ ಬರೆದಿದ್ದೀರಿ. ಇದು ಶುದ್ಧ ತಪ್ಪು. ಕ್ಲಾಸಿನಲ್ಲೂ ಹೀಗೇ ಹೇಳುತ್ತಿದ್ದರೆ ದಯವಿಟ್ಟು ನಾಳೆಯೇ ತಿದ್ದಿ. ಉಪ್ಪಿಗೆ ಯಾವ ಪರಿಣಾಮವೂ ಇಲ್ಲ ಅಂತಲೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಕಾಣುವ ಸಂಭವ 100ರಲ್ಲಿ 3. ಅಷ್ಟೇ. ಪಿ-ವ್ಯಾಲ್ಯೂ ಊಹೆ ನಿಜವಾಗಿರುವ ಸಂಭವವನ್ನು ಅಳೆಯುವುದಿಲ್ಲ ಅಂತ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ಗ್ರಾಫಿನ ಕಂಬಗಳ ಮೇಲೆ ಕಡ್ಡಿಗಳನ್ನು ಎಳೆದಿದ್ದೀರಿ, ಅವು ಏನು ಅಂತ ಹೇಳಿಲ್ಲ. ಸಸಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಎತ್ತರಗಳ ಏರುಪೇರಿನ ಅಳತೆ) 3 ಸೆಂ.ಮೀ. ಅನ್ನುತ್ತೀರಿ. ಕಡ್ಡಿ ನೋಡಿದರೆ ಅರ್ಧ ಸೆಂ.ಮೀ. ಇದೆ. ಅಂದರೆ 3ನ್ನು 36ರ ವರ್ಗಮೂಲದಿಂದ ಭಾಗಿಸಿದ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅನಿಶ್ಚಿತ ಎಂಬುದರ ಅಳತೆ) ಅಲ್ವಾ? ಮತ್ತೆ ಅದೇ 36! ಪುಟ ನಾಲ್ಕರಲ್ಲಿ ಹೊರಗೆ ಹಾಕಿದ ಎನ್ ಗ್ರಾಫಿನ ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕೂತಿದೆ.

ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮ ಹುಡುಕಿದ ಮೆಂಡಲ್ ಬಗ್ಗೆ ‘ನಿಖರವಾಗಿ 3:1 ಸಿಕ್ಕಿತು’ ಅನ್ನುತ್ತೀರಿ. ಸಿಗಲಿಲ್ಲ. ಎರಡನೇ ತಲೆಮಾರಿನಲ್ಲಿ ದುಂಡನೆಯ ಬಟಾಣಿ 5,474, ಸುಕ್ಕುಗಟ್ಟಿದ್ದು 1,850. ಅನುಪಾತ 2.96. ಸರಿಯಾಗಿ 3:1 ಬರಬೇಕಿದ್ದರೆ 5,493 ಮತ್ತು 1,831 ಇರಬೇಕಿತ್ತು. ಬರೀ 19 ಕಾಳುಗಳ ಅಂತರ. ಕೈ-ಸ್ಕ್ವೇರ್ (ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರ ಅಳೆಯುವ ಲೆಕ್ಕ) ಹಾಕಿದರೆ ಬರೀ 0.26 ಬರುತ್ತದೆ, ಚಿಂತೆಗೆ ಕಾರಣವಿಲ್ಲ. ಜೀವಿಗಳಲ್ಲಿ ಏರುಪೇರು ಸಹಜ ಅಂತ ವಿವರಿಸಲು ಹೊರಟ ಲೇಖನದಲ್ಲಿ ನೀವೇ ಏರುಪೇರನ್ನು ಉಜ್ಜಿ ಹಾಕಿದ್ದೀರಿ. (ಮೆಂಡಲ್ ಅಂಕಿಗಳು ಒಟ್ಟಾರೆ ನೋಡಿದರೆ ಅತಿಯಾಗಿ ಹೊಂದುತ್ತವೆ ಅಂತ 1936ರಲ್ಲಿ ಫಿಶರ್ ತೆಗೆದ ತಗಾದೆ ಸ್ವಾರಸ್ಯದ್ದು. ಆದರೆ ಅದು ಬೇರೆಯೇ ಲೇಖನ. ಇಲ್ಲಿಗೆ ಎಳೆದು ತರಬೇಡಿ.)

ಕುಂಡಗಳಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. 1,200 ಪದ ಸಾಕು. ಆರು ಕುಂಡಗಳ ಸರಾಸರಿ ಎತ್ತರವನ್ನು ಒಂದು ಸಣ್ಣ ಟೇಬಲ್ ಮಾಡಿ ಜೊತೆಗೆ ಕಳಿಸಿ, ಅದನ್ನೂ ಅಚ್ಚು ಹಾಕುತ್ತೇವೆ. ಗ್ರಾಫಿನಲ್ಲಿ ಕಂಬಗಳ ಬದಲು ಆರು ಚುಕ್ಕಿ ಇಡಿ, ಕುಂಡಕ್ಕೊಂದರಂತೆ. ಆ ಹುಡುಗಿಯ ಹೆಸರು ಬೇಡ. ಆದರೆ ಅವಳ ಲೆಕ್ಕವನ್ನು ಬಳಸಿಕೊಳ್ಳುತ್ತಿದ್ದೀರಿ ಅಂತ ಅವಳಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.