ನಮ್ಮದೇ ತರಗತಿಯ ಮೇಲೆ ಎಂ.ಎಡ್. ಸಂಶೋಧನೆ ಮಾಡಬಹುದಾ?

ಏಳನೇ ತರಗತಿಗೆ ಗಣಿತ ಪಾಠ ಮಾಡುತ್ತಲೇ ಎಂ.ಎಡ್. ಓದುತ್ತಿದ್ದೀರಿ. ನಿಮ್ಮದೇ ಮಕ್ಕಳ ಭಿನ್ನರಾಶಿ ತೊಂದರೆಯನ್ನು ವಿಷಯ ಮಾಡಿಕೊಂಡರೆ ಅದನ್ನು ಸಂಶೋಧನೆ ಅಂತಾರಾ ಎಂದು ಕೇಳಿದ್ದೀರಿ. ಅಂತಾರೆ ಮೇಡಂ. ಅದೇ ಕ್ರಿಯಾ ಸಂಶೋಧನೆ, ಅಂದರೆ ಶಿಕ್ಷಕರೇ ತಮ್ಮ ತರಗತಿಯ ತೊಂದರೆಯನ್ನು ಹುಡುಕಿ, ಪಾಠ ಬದಲಿಸಿ ನೋಡುವ ಸಂಶೋಧನೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲೇ ಈ ಹೆಸರಿನಲ್ಲಿ ಬರೆದಿದ್ದರು. ಅದನ್ನು ಶಾಲೆಗಳಿಗೆ ತಂದವರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ ಮುಖ್ಯರು.

ಆದರೆ ‘ಭಿನ್ನರಾಶಿ ಕಲಿಕೆಯ ಸಮಸ್ಯೆಗಳು’ ಅನ್ನೋ ವಿಷಯ ತುಂಬಾ ದೊಡ್ಡದಾಯಿತು. 1/3 + 1/4 ಕೊಟ್ಟರೆ ಎಷ್ಟು ಮಕ್ಕಳು 2/7 ಬರೆಯುತ್ತಾರೆ, ಯಾಕೆ? ಇಷ್ಟೇ ಸಾಕು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು ಪುಟ್ಟಾ’ ಅಂತ ಕೇಳಿ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎರಡು ವಾರ ಕಾಗದದ ಪಟ್ಟಿ ಮಡಚಿ ಪಾಠ ಮಾಡಿ. ಏನಾಯಿತು ನೋಡಿ, ಬದಲಿಸಿ, ಮತ್ತೆ ಮಾಡಿ. ಈ ಸುತ್ತುಗಳೇ ಇದರ ಜೀವಾಳ.

ಸುಮ್ನೆ ಮೊದಲಿನ ಅಂಕ, ಕೊನೆಯ ಅಂಕ ಹೋಲಿಸಿ ಕೈತೊಳೆದುಕೊಳ್ಳಬೇಡಿ. ಅಭ್ಯಾಸ ಜಾಸ್ತಿಯಾದರೂ ಅಂಕ ಏರುತ್ತದೆ ಅಲ್ವಾ? ಹಾಗಾಗಿ ಆಯಾ ದಿನ ಸಂಜೆಯೇ ಡೈರಿ ಬರೆಯಿರಿ. ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ. ನಮ್ಮ ಪಾಠ ನಮಗೆ ಯಾವಾಗಲೂ ಚೆನ್ನಾಗೇ ಕಾಣುತ್ತದೆ!

ಮುಖ್ಯೋಪಾಧ್ಯಾಯರ, ಪೋಷಕರ ಒಪ್ಪಿಗೆ ಬರಹದಲ್ಲಿರಲಿ, ಮಕ್ಕಳ ಹೆಸರು ಬದಲಿಸಿ. ಬೇಡ ಎಂದ ಮಗುವಿಗೂ ಅದೇ ಪಾಠ ಸಿಗಬೇಕು. ಆ ಮಗುವಿನ ಉತ್ತರಗಳನ್ನು ಮಾತ್ರ ಪ್ರಬಂಧಕ್ಕೆ ತರಬೇಡಿ. ಇನ್ನೊಂದು ಮಾತು, ಕೆಲವು ಗೈಡ್‌ಗಳಿಗೆ (ಪ್ರಬಂಧದ ಮಾರ್ಗದರ್ಶಕರಿಗೆ) ನೂರಾರು ಮಕ್ಕಳು, ಟಿ-ಟೆಸ್ಟ್ (ಎರಡು ಸರಾಸರಿಗಳ ವ್ಯತ್ಯಾಸ ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಇಲ್ಲದಿದ್ದರೆ ಸಮಾಧಾನವಿಲ್ಲ. ಪ್ರಸ್ತಾವನೆ ಬರೆಯುವ ಮೊದಲೇ ಅವರನ್ನು ಕೇಳಿಬಿಡಿ.