ಕ್ಯಾಲಿಫೋರ್ನಿಯಾದಲ್ಲಿ ಅನ್‌ಎಂಪ್ಲಾಯ್‌ಮೆಂಟ್ ಪೂರ್ತಿ ತಗೊಂಡು ಆಮೇಲೆ ಡಿಸೆಬಿಲಿಟಿ ಹಾಕ್ಬಹುದಾ?

ಪೂರ್ತಿ ತಗೊಂಡು ಆಮೇಲೆ ಅನ್ನೋ ಲೆಕ್ಕಾನೇ ತಪ್ಪು, ಮೊದ್ಲು ಅದನ್ನ ತಲೆಯಿಂದ ತೆಗೀರಿ. ಲೇಆಫ್ ಆಗಿದೆ, ಅನ್‌ಎಂಪ್ಲಾಯ್‌ಮೆಂಟ್ (ಯುಐ, ಅಂದ್ರೆ ಕೆಲಸ ಹೋದೋರಿಗೆ ರಾಜ್ಯ ಕೊಡೋ ಭತ್ಯೆ) ಬರ್ತಿದೆ, ಸೊಂಟ ಹಿಡ್ಕೊಂಡು ಕೂರೋಕಾಗ್ತಿಲ್ಲ, ಮುಂದಿನ ತಿಂಗಳು ಆಪರೇಷನ್, ಆದ್ರೂ ಇನ್ನೂ ಹತ್ತು ವಾರದ ದುಡ್ಡು ಬಾಕಿ ಇದೆಯಲ್ಲ ಅದನ್ನ ಬಿಡೋದ್ಯಾಕೆ ಅಂತ ಬರ್ದಿದೀರಿ. ನಿಮ್ಮ ಪ್ರಶ್ನೆ ಓದಿ ನಂಗೆ ಒಂದು ಕ್ಷಣ ನಾನೇ ಟೈಪ್ ಮಾಡಿದ್ದಾ ಅನ್ನಿಸ್ತು.

2024 ಜನವರಿಯಲ್ಲಿ ನನ್ನ ಕಾಂಟ್ರ್ಯಾಕ್ಟ್ ಮುಗೀತು. ಫ್ರೀಮಾಂಟ್‌ನಲ್ಲಿ ಮನೆ, ಟೆಸ್ಟಿಂಗ್ ಕೆಲಸ, ಇಎಡಿ (ಅಮೆರಿಕದಲ್ಲಿ ಕೆಲಸ ಮಾಡೋ ಪರ್ಮಿಟ್) ಇತ್ತು ಹಾಗಾಗಿ ವೀಸಾ ತಲೆನೋವು ಇರ್ಲಿಲ್ಲ. ಯುಐ ಹಾಕ್ದೆ, ವಾರಕ್ಕೆ 450 ಡಾಲರ್ ಬಂತು, ಇಲ್ಲಿ ಎಷ್ಟೇ ದೊಡ್ಡ ಸಂಬಳ ಇದ್ರೂ ಅದಕ್ಕಿಂತ ಜಾಸ್ತಿ ಕೊಡಲ್ಲ, ಬೇ ಏರಿಯಾದಲ್ಲಿ ಅದು ಬಾಡಿಗೆಯ ಅರ್ಧಕ್ಕೂ ಸಾಲಲ್ಲ ಆದ್ರೂ ಇಲ್ದಿರೋದಕ್ಕಿಂತ ವಾಸಿ. ಏಪ್ರಿಲ್ ಹೊತ್ತಿಗೆ ಎಡಗಾಲಿಗೆ ಸೊಂಟದಿಂದ ಹಿಮ್ಮಡಿ ತನಕ ಕರೆಂಟ್ ಹೊಡೆದಂಗೆ ನೋವು ಶುರುವಾಯ್ತು. ಎಂಆರ್‌ಐ ಮಾಡ್ಸಿದ್ರೆ ಡಿಸ್ಕ್ ಜಾರಿದೆ, ನರ ಒತ್ತುತಿದೆ ಅಂದ್ರು. ಡಾಕ್ಟ್ರು ಸ್ಪಷ್ಟವಾಗೇ ಹೇಳಿದ್ರು, ಅರ್ಧ ಗಂಟೆಗಿಂತ ಜಾಸ್ತಿ ಕೂರಬಾರ್ದು, ಡ್ರೈವ್ ಮಾಡಬಾರ್ದು, ಭಾರ ಎತ್ತಬಾರ್ದು, ಮೊದ್ಲು ಫಿಸಿಯೋಥೆರಪಿ, ಅದಕ್ಕೆ ಬಗ್ಗದಿದ್ರೆ ಆಪರೇಷನ್. ಅದನ್ನೆಲ್ಲ ಚಾರ್ಟ್‌ನಲ್ಲೂ ಬರ್ಕೊಂಡ್ರು. ಈ "ಬರ್ಕೊಂಡ್ರು" ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ, ಆದ್ರೆ ನೀವು ಮಾಡೋಕೆ ಹೊರಟಿರೋದೂ ಇದನ್ನೇ. ಯುಐನಲ್ಲಿ ಎರಡು ವಾರಕ್ಕೊಂದ್ಸಲ ಸರ್ಟಿಫೈ ಮಾಡ್ತೀವಲ್ಲ, ಅಂದ್ರೆ ಒಂದಷ್ಟು ಪ್ರಶ್ನೆಗೆ ಉತ್ತರ ಕೊಟ್ಟು ಆ ವಾರಗಳ ದುಡ್ಡು ಕೇಳ್ತೀವಲ್ಲ, ಅದರಲ್ಲಿ ಮೊದಲನೇ ಪ್ರಶ್ನೆನೇ, ಕಾಯಿಲೆ ಅಥವಾ ಗಾಯದಿಂದ ಕೆಲಸ ಮಾಡೋಕಾಗದ ಸ್ಥಿತಿ ಇತ್ತಾ ಅಂತ. ನಾನು ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿ, ಹೊಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಪ್ರತಿ ಸಲ "ಇಲ್ಲ" ಅಂತ ಒತ್ತುತಾ ಹೋದೆ. ಸುಳ್ಳು ಹೇಳ್ಬೇಕು ಅಂತ ಅಲ್ಲ ಸ್ವಾಮಿ. ನನ್ನ ತಲೇಲಿ ಏನಿತ್ತು ಅಂದ್ರೆ, ನಂದು ಲ್ಯಾಪ್‌ಟಾಪ್ ಕೆಲಸ, ಮಲಗ್ಕೊಂಡು ಅರ್ಜಿ ಹಾಕ್ತಿದೀನಿ ಅಂದ್ಮೇಲೆ ಕೆಲಸಾನೂ ಮಾಡ್ಬಹುದು. ಡಿಸೆಬಿಲಿಟಿ ಅಂದ್ರೆ ಗಾಲಿಕುರ್ಚಿಯೋರಿಗೆ, ಹೆಚ್ಚಂದ್ರೆ ಆಪರೇಷನ್ ಆದ ಮೇಲೆ. ಇದರ ಜೊತೆಗೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ರು "ಹೌದು ಅಂತ ಒತ್ತಿದ್ರೆ ಪೇಮೆಂಟ್ ನಿಂತೋಗತ್ತೆ, ಆ ಬಟನ್ ಮುಟ್ಟಲೇಬೇಡ" ಅಂತ ಹೆದರ್ಸಿದ್ರು. ಅವರು ಹೇಳಿದ್ದು ಅರ್ಧ ನಿಜ. ಒಂದೊಂದು ದಿನ ಕಾಯಿಲೆಗೂ ಆ ವಾರದ ದುಡ್ಡಲ್ಲಿ ಏಳನೇ ಒಂದು ಭಾಗ ಕಟ್ ಆಗುತ್ತೆ, ಇಡೀ ವಾರ ಆಗ್ಲಿಲ್ಲ ಅಂದ್ರೆ ಆ ವಾರದ್ದು ಸೊನ್ನೆ. ಇನ್ನರ್ಧ ಅವರಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ: ಹಂಗೆ ನಿಂತ ದಿನಗಳಿಗೆ ಯುಐ ಕೊಡೋ ಅದೇ ಇಡಿಡಿ (ಕ್ಯಾಲಿಫೋರ್ನಿಯಾದ ಉದ್ಯೋಗ ಇಲಾಖೆ) ನಡೆಸೋ ಎಸ್‌ಡಿಐ, ಅಂದ್ರೆ ರಾಜ್ಯದ ಡಿಸೆಬಿಲಿಟಿ ವಿಮೆ, ದುಡ್ಡು ಕೊಡುತ್ತೆ, ಅದೂ ನನ್ನ ಕೇಸಲ್ಲಿ ವಾರಕ್ಕೆ 1,300 ಚಿಲ್ಲರೆ. ಅಂದ್ರೆ 450 ಎಲ್ಲಿ ತಪ್ಪೋಗುತ್ತೋ ಅನ್ನೋ ಭಯಕ್ಕೆ ಅದರ ಹತ್ತಿರಹತ್ತಿರ ಮೂರರಷ್ಟು ದುಡ್ಡಿಗೆ ಬೆನ್ನು ಹಾಕ್ಕೊಂಡು ಮಲಗಿದ್ದೆ.

ಜುಲೈನಲ್ಲಿ ಆಪರೇಷನ್ ಆಯ್ತು. ಆವಾಗ ಎಸ್‌ಡಿಐ ಹಾಕ್ದೆ, ಶುರುವಾದ ತಾರೀಖು ಅಂತ ಆಪರೇಷನ್ ದಿನ ಬರೆದೆ. ಫಾರ್ಮ್‌ನಲ್ಲಿ ಎ ಭಾಗ ನಾವು ತುಂಬಬೇಕು, ಬಿ ಭಾಗ ಡಾಕ್ಟ್ರು. ಡಾಕ್ಟ್ರು ತಮ್ಮ ಚಾರ್ಟ್ ನೋಡಿದ್ರು, ಏಪ್ರಿಲ್‌ನಲ್ಲೇ ಕೂರಬಾರ್ದು ಅಂತ ಬರ್ಕೊಂಡಿದ್ದಾರಲ್ಲ, ಕೆಲಸ ಮಾಡೋಕಾಗದ ಸ್ಥಿತಿ ಏಪ್ರಿಲ್‌ನಿಂದ ಅಂತ ಹಾಕಿ ಕಳಿಸಿದ್ರು. ಅವರದ್ದೇನೂ ತಪ್ಪಿಲ್ಲ, ನಿಜಾನೇ ಬರೆದಿದ್ರು. ಆದ್ರೆ ಅಲ್ಲಿಗೆ ನನ್ನ ಎರಡೂ ಕಾಲು ಗುಂಡೀಲಿ. ಏಪ್ರಿಲ್‌ನಿಂದ ಕೆಲಸಕ್ಕೆ ಆಗ್ತಿರ್ಲಿಲ್ಲ ಅಂದ್ರೆ ಅಲ್ಲಿಂದಾಚೆ ತಗೊಂಡ ಯುಐ ದುಡ್ಡು ನಂದಲ್ಲ, ವಾಪಸ್ ಕಟ್ಟು ಅಂತ ನೋಟಿಸ್. ಸರಿ ಆ ವಾರಗಳಿಗೆ ಡಿಸೆಬಿಲಿಟಿ ಕೊಡಿ ಅಂದ್ರೆ, ಶುರುವಾದ ದಿನದಿಂದ 49 ದಿನದ ಒಳಗೆ ಅರ್ಜಿ ಹಾಕ್ಬೇಕಿತ್ತು, ಅದು ಜೂನ್‌ನಲ್ಲೇ ದಾಟೋಗಿತ್ತು. ಶುರುವಿನ ಒಂದಷ್ಟು ವಾರಗಳಿಗೆ ಅದೂ ಇಲ್ಲ, ಇದೂ ಇಲ್ಲ. ತಡ ಆಗಿದ್ದಕ್ಕೆ ಸರಿಯಾದ ಕಾರಣ ಇದ್ರೆ ಒಪ್ಕೋತಾರೆ, ಆದ್ರೆ ನಿಯಮ ಗೊತ್ತಿರ್ಲಿಲ್ಲ ಅಂತ ನಾನು ಬರೆದಿದ್ದನ್ನ ಒಪ್ಪಲಿಲ್ಲ, ಒಪ್ಪಬೇಕಾಗೂ ಇರ್ಲಿಲ್ಲ ಬಿಡಿ. ಬೇಕಂತ ಮಾಡಿದ್ದಲ್ಲ ಅಂತ ವಿವರವಾಗಿ ಬರೆದು, ಎಂಆರ್‌ಐ, ಅರ್ಜಿ ಹಾಕಿದ ಕಂಪನಿಗಳ ಪಟ್ಟಿ ಎಲ್ಲ ಲಗತ್ತಿಸಿದ್ದಕ್ಕೆ ದಂಡ ತಪ್ಪಿತು. ಬೇಕಂತಲೇ ಸುಳ್ಳು ಹೇಳಿದ್ದು ಅಂತ ತೀರ್ಮಾನ ಆಗಿದ್ರೆ ಕಟ್ಟಬೇಕಾದ ಅಸಲಿನ ಮೇಲೆ 30% ದಂಡ, ಜೊತೆಗೆ ಮುಂದೆ 5ರಿಂದ 23 ವಾರದ ತನಕ ಯುಐ ಬಂದ್. ಹಂಗಾಗಿ ಆ ಮೊದಲನೇ ಪ್ರಶ್ನೆ ಸಣ್ಣದು ಅಂದ್ಕೋಬೇಡಿ.

ಈಗ ನಿಮ್ಮ ವಿಷಯ. ಇವೆರಡನ್ನ ಒಂದರ ಹಿಂದೆ ಒಂದು ಖಾಲಿ ಮಾಡೋ ದುಡ್ಡು ಅಂತ ನೋಡ್ತಿದೀರಿ. ಹಂಗಲ್ಲ. ಯುಐ ಬರೋದು "ನಾಳೆ ಕರೆದ್ರೆ ಕೆಲಸಕ್ಕೆ ಬರ್ತೀನಿ" ಅನ್ನೋರಿಗೆ, ಡಿಸೆಬಿಲಿಟಿ ಬರೋದು "ಕರೆದ್ರೂ ಬರೋಕಾಗಲ್ಲ" ಅನ್ನೋರಿಗೆ. ಒಂದೇ ದಿನ ಎರಡೂ ಮಾತು ನಿಜ ಆಗೋಕೆ ಸಾಧ್ಯ ಇಲ್ಲ, ಯಾವತ್ತು ಮೊದಲನೇದು ಸುಳ್ಳಾಗುತ್ತೋ ಅವತ್ತೇ ಬದಲಾಯಿಸ್ಬೇಕು. ಆ ತಾರೀಖನ್ನ ಆರ್ಸೋದು ನಿಮ್ಮ ಕೈಲಿಲ್ಲ, ನಿಮ್ಮ ಬ್ಯಾಲೆನ್ಸ್ ಎಷ್ಟಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ನೀವೇ ಬರೆದಿದೀರಿ, ಈಗ್ಲೇ ಕೂರೋಕಾಗ್ತಿಲ್ಲ ಅಂತ. ಹಂಗಿದ್ರೆ ನಿಮ್ಮ ತಾರೀಖು ಮುಂದಿನ ತಿಂಗಳ ಆಪರೇಷನ್ ದಿನ ಅಲ್ಲದೇನೂ ಇರ್ಬಹುದು. ಮಾಮೂಲಿ ಮಾಡ್ತಿದ್ದ ಕೆಲಸ ಕನಿಷ್ಠ ಎಂಟು ದಿನ ಸತತವಾಗಿ ಮಾಡೋಕಾಗದಿದ್ರೆ ಸಾಕು, ಆಪರೇಷನ್ ಆಗಿರ್ಲೇಬೇಕು ಅಂತ ಎಲ್ಲೂ ಇಲ್ಲ.

ಬಾಕಿ ಹತ್ತು ವಾರ ಹಾಳಾಗುತ್ತೆ ಅನ್ನೋ ಸಂಕಟ ಬೇಡ, ಅದು ಎಲ್ಲೂ ಹೋಗಲ್ಲ. ನಿಮ್ಮ ಯುಐ ಕ್ಲೇಮ್ ಶುರುವಾಗಿ ಒಂದು ವರ್ಷ ಆಗೋ ತನಕ ಆ ಬ್ಯಾಲೆನ್ಸ್ ಅಲ್ಲೇ ಕೂತಿರುತ್ತೆ, ವಾಸಿಯಾಗಿ ಡಾಕ್ಟ್ರು ಕೆಲಸಕ್ಕೆ ಹೋಗ್ಬಹುದು ಅಂದ ಮೇಲೆ ಕ್ಲೇಮ್ ಮತ್ತೆ ಓಪನ್ ಮಾಡಿ ಕೆಲಸ ಹುಡುಕ್ತಾ ತಗೋಬಹುದು. ನನ್ನ ಕೇಳಿದ್ರೆ ಕಾಯೋದ್ರಲ್ಲೇ ನಷ್ಟ ಇರೋದು. ಡಿಸೆಬಿಲಿಟಿ ಮೊತ್ತ ಲೆಕ್ಕ ಹಾಕೋದು ಹಳೇ ಸಂಬಳದ ಮೇಲೆ, ಕ್ಲೇಮ್ ಶುರುವಾಗೋಕೆ ಸುಮಾರು 5ರಿಂದ 18 ತಿಂಗಳು ಹಿಂದಿನ ನಾಲ್ಕು ಕ್ವಾರ್ಟರ್ (ಮೂರು ಮೂರು ತಿಂಗಳ ಅವಧಿ) ನೋಡಿ, ಅದರಲ್ಲಿ ಯಾವುದರಲ್ಲಿ ಜಾಸ್ತಿ ದುಡ್ದಿದೀರೋ ಅದನ್ನ ಹಿಡ್ಕೊಂಡು. ಜುಲೈಯಿಂದ ಸೆಪ್ಟೆಂಬರ್ ಒಳಗೆ ಶುರುವಾದ ಕ್ಲೇಮ್‌ಗೆ ಆ ವರ್ಷದ ಮಾರ್ಚ್ 31ಕ್ಕೆ ಮುಗಿದ ಹನ್ನೆರಡು ತಿಂಗಳು, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗಾದ್ರೆ ಜೂನ್ 30ಕ್ಕೆ ಮುಗಿದ ಹನ್ನೆರಡು ತಿಂಗಳು, ಹಿಂಗೆ ಮುಂದೆ ಸರೀತಾ ಹೋಗುತ್ತೆ. ಯುಐ ದುಡ್ಡು ಸಂಬಳದ ಲೆಕ್ಕಕ್ಕೆ ಬರಲ್ಲ. ಅಂದ್ರೆ ನೀವು ಕಾಯ್ತಾ ಕೂತಷ್ಟೂ ಸಂಬಳ ಬಂದಿದ್ದ ಕ್ವಾರ್ಟರ್ ಒಂದೊಂದೇ ಹಿಂದಿನಿಂದ ಬಿದ್ದೋಗಿ ಮುಂದಿನಿಂದ ಖಾಲಿ ಕ್ವಾರ್ಟರ್ ಸೇರ್ಕೊಳ್ಳುತ್ತೆ. ಒಂದು ಕ್ವಾರ್ಟರಲ್ಲಿ 60 ದಿನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಹುಡುಕಿದ್ದಕ್ಕೆ ದಾಖಲೆ ಇದ್ರೆ, ಸಂಬಳ ಸಾಲದೇ ಹೋದಾಗ ಹಳೇ ಕ್ವಾರ್ಟರ್ ಬದಲಿಗೆ ಹಿಡಿಯೋ ಅವಕಾಶ ಇದೆ, ಆದ್ರೆ ಆ ಪರಿಸ್ಥಿತಿ ಯಾಕೆ ತಂದ್ಕೋಬೇಕು? ಇನ್ನೊಂದು, 2025ರಿಂದ ಸಂಬಳದ 70ರಿಂದ 90% ತನಕ ಕೊಡ್ತಾರೆ, ನನ್ನ ಕಾಲಕ್ಕೆ 60ರಿಂದ 70 ಇತ್ತು. 2025ರಲ್ಲಿ ವಾರದ ಮೇಲ್ಮಿತಿ 1,681 ಡಾಲರ್ ಇತ್ತು, ಕೊಡೋದು 52 ವಾರದ ತನಕ. ನೀವು ಅಂಟ್ಕೊಂಡು ಕೂತಿರೋದು 450ಕ್ಕೆ.

ನಾಚಿಕೆ ವಿಷಯಾನೂ ಹೇಳ್ಬಿಡ್ತೀನಿ, ನೀವು "ಕಂಪನಿ ಬಿಟ್ಟಾದ ಮೇಲೆ ಡಿಸೆಬಿಲಿಟಿ ಕೇಳೋದು ಸರೀನಾ" ಅಂತ ಬೇರೆ ಕೇಳಿದೀರಲ್ಲ. ನನಗೂ ಅದೇ ಮುಜುಗರ ಇತ್ತು. ನಮ್ಮಪ್ಪ ಪೀಣ್ಯದ ಫ್ಯಾಕ್ಟರೀಲಿ ಇದ್ದೋರು, ಫೋನಲ್ಲಿ ಕೇಳಿಸ್ಕೊಂಡು "ಅಲ್ಲ ಕಣಮ್ಮ, ಇದು ನಮ್ಮ ಇಎಸ್‌ಐ ಇದ್ದಂಗೇ ತಾನೆ? ಸಂಬಳದಲ್ಲಿ ಹಿಡ್ಕೊಂಡಿದಾರೆ, ಮಲಗಿದಾಗ ಕೊಡ್ತಾರೆ, ಇದಕ್ಕೆಂಥ ಸಂಕೋಚ" ಅಂದ್ರು. ಇಎಸ್‌ಐನಲ್ಲಿ ವರ್ಷಕ್ಕೆ 91 ದಿನ ಸಂಬಳದ 70% ಕೊಡ್ತಾರೆ, ಅಪ್ಪ ಟೈಫಾಯಿಡ್ ಬಂದಾಗ ತಗೊಂಡಿದ್ರು. ಹಳೇ ಪೇ ಸ್ಲಿಪ್ ತೆಗೆದು ನೋಡಿ, ಸಿಎ ಎಸ್‌ಡಿಐ ಅಂತ ಒಂದು ಸಾಲು ಇರುತ್ತೆ. 2024ರಲ್ಲಿ ಅದು 1.1% ಇತ್ತು, ಅದೇ ವರ್ಷದಿಂದ ಎಷ್ಟು ಸಂಬಳದ ತನಕ ಹಿಡಿಯೋದು ಅನ್ನೋ ಮಿತೀನೂ ತೆಗೆದ್ರು. ತಮಾಷೆ ಏನಂದ್ರೆ ಇಲ್ಲಿ ಯುಐ ಹಣ ಕಟ್ಟೋದು ಕಂಪನಿ, ಎಸ್‌ಡಿಐ ಹಣ ಪೂರ್ತಿ ನಮ್ಮ ಜೇಬಿಂದು. ನಾವು ಕಂಪನಿ ದುಡ್ಡನ್ನ ಹಕ್ಕು ಅಂತ ತಗೋತೀವಿ, ನಮ್ಮ ದುಡ್ಡಿಗೆ ಮುಜುಗರ ಪಡ್ತೀವಿ! ಕೆಲಸ ಇಲ್ದಿದ್ರೂ ಪರವಾಗಿಲ್ಲ, ಕೈಲಾಗದೇ ಹೋದ ಹೊತ್ತಿಗೆ ನೀವು ಕೆಲಸ ಹುಡುಕ್ತಾ ಇದ್ರಿ ಅಂತ ತೋರಿಸಿದ್ರೆ ಸಾಕು. ಅದಕ್ಕೇ ಅರ್ಜಿ ಹಾಕಿದ ತಾರೀಖು, ಕಂಪನಿ ಹೆಸರು ಒಂದು ಶೀಟಲ್ಲಿ ಬರ್ದಿಟ್ಕೊಳ್ಳಿ. ಗ್ರೀನ್ ಕಾರ್ಡ್ ಇಲ್ಲ ಅಂತ ಎಸ್‌ಡಿಐ ನಿಲ್ಲಿಸಲ್ಲ. ಆದ್ರೆ ಎಚ್1ಬಿ ವೀಸಾ ಮೇಲೆ, ಕೆಲಸ ಹೋದ ಮೇಲೆ ಸಿಗೋ 60 ದಿನದ ಗ್ರೇಸ್‌ನಲ್ಲಿ ಇದ್ರೆ ಮೊದ್ಲು ಲಾಯರ್ ಹತ್ರ ಮಾತಾಡಿ, ಅದು ಬೇರೇನೇ ಕಥೆ.

ಕೆಲವರು ಇದನ್ನ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಜೊತೆ ಕಲಸ್ತಾರೆ. ಅದು ಫೆಡರಲ್, ಕನಿಷ್ಠ ಒಂದು ವರ್ಷ ಕೆಲಸ ಮಾಡೋಕಾಗದೋರಿಗೆ, ನಿಮಗೆ ಬೇಕಿರೋದು ಅದಲ್ಲ. ರಾಜ್ಯದ್ದು ಎಲ್ಲಾ ಕಡೆ ಇಲ್ಲ, ಡಾಲಸ್‌ನಲ್ಲಿರೋ ನನ್ನ ತಮ್ಮನಿಗೆ ಇಂಥದ್ದಿಲ್ಲ. ನೀವು ಕ್ಯಾಲಿಫೋರ್ನಿಯಾದಲ್ಲಿ ಇದೀರಿ, ಅದೃಷ್ಟ ಅಂದ್ಕೊಳ್ಳಿ.

ಟ್ಯಾಕ್ಸ್ ವಿಷಯ ಯಾರೂ ಹೇಳಲ್ಲ, ಕೇಳಿ. ಎಸ್‌ಡಿಐಗೆ ಸಾಮಾನ್ಯವಾಗಿ ಟ್ಯಾಕ್ಸ್ ಇಲ್ಲ, ಆದ್ರೆ ಯುಐ ತಗೋತಿದ್ದೋರು ಕಾಯಿಲೆ ಬಿದ್ದು ಇದಕ್ಕೆ ಬಂದ್ರೆ, ಯುಐ ಎಷ್ಟು ಬರ್ತಿತ್ತೋ ಅಷ್ಟರ ಮಟ್ಟಿಗೆ ಫೆಡರಲ್ ಟ್ಯಾಕ್ಸ್ ಬೀಳುತ್ತೆ, ಅದನ್ನ ತೋರಿಸೋ 1099-ಜಿ ಅನ್ನೋ ಟ್ಯಾಕ್ಸ್ ಫಾರ್ಮ್ ಬರುತ್ತೆ. ಒಂದಿಷ್ಟು ಎತ್ತಿಟ್ಟಿರಿ.

ಮಾಡೋ ಕ್ರಮ ಹೇಳ್ತೀನಿ. ಮೊದ್ಲು ಡಾಕ್ಟ್ರನ್ನ ನೇರವಾಗಿ ಕೇಳಿ, ಯಾವ ದಿನದಿಂದ ನಾನು ಕೆಲಸಕ್ಕೆ ಆಗಲ್ಲ ಅಂತ ನೀವು ಬರೀತೀರಿ ಅಂತ. ಅದಾದ್ಮೇಲೆ ಸರ್ಟಿಫೈ ಮಾಡೋವಾಗ ಆ ದಿನದಿಂದ "ಹೌದು" ಅಂತ ಒತ್ತಿ, ಎಷ್ಟು ದಿನ ಅಂತ ತುಂಬಿ. ಆ ತಾರೀಖಿನ ಹಿಂದೆ ಈಗಾಗ್ಲೇ ದುಡ್ಡು ತಗೊಂಡಿದ್ರೆ ನೀವೇ ಮೊದ್ಲು ಇಡಿಡಿಗೆ ತಿಳಿಸಿ, ಅವರೇ ಹುಡ್ಕೋ ತನಕ ಕಾಯ್ಬೇಡಿ. ಡಿಸೆಬಿಲಿಟಿ ಅರ್ಜಿ ಆ ತಾರೀಖಿನಿಂದ ಒಂಬತ್ತು ದಿನ ಆಗೋ ಮುಂಚೆ ಹಾಕೋ ಹಾಗಿಲ್ಲ, 49 ದಿನ ದಾಟಬಾರ್ದು, ಮೊದಲ ಏಳು ದಿನಕ್ಕೆ ದುಡ್ಡಿಲ್ಲ. ಆನ್‌ಲೈನ್‌ನಲ್ಲಿ ಎ ಭಾಗ ಮುಗಿಸಿದ್ರೆ ಆರ್ ಅಕ್ಷರದಿಂದ ಶುರುವಾಗೋ ರಸೀದಿ ನಂಬರ್ ಬರುತ್ತೆ, ಅದನ್ನ ಡಾಕ್ಟ್ರ ಆಫೀಸಿಗೆ ಕೊಟ್ಟು ಬಿ ಭಾಗ ಕಳಿಸೋ ತನಕ ಬಿಡ್ಬೇಡಿ, ಬಿ ಹೋಗದೆ ಅರ್ಜಿ ಮುಂದಕ್ಕೆ ಹೋಗಲ್ಲ. ಡಾಕ್ಟ್ರು ಕೊಟ್ಟ ಅವಧಿ ಮುಗಿಯೋ ಮುಂಚೆ ಇನ್ನೂ ವಾಸಿಯಾಗಿಲ್ಲ ಅಂದ್ರೆ ಅವರ ಹತ್ರಾನೇ ವಿಸ್ತರಣೆ ಫಾರ್ಮ್ ಹಾಕ್ಸಿ. ಯಾವುದಾದ್ರೂ ನೋಟಿಸ್ ಬಂದು ಅದು ತಪ್ಪು ಅನ್ಸಿದ್ರೆ ಅಪೀಲಿಗೆ 30 ದಿನ ಇರುತ್ತೆ.

ನಿಮ್ಮ ಮುಂದಿನ ಸರ್ಟಿಫಿಕೇಷನ್ ಈ ಭಾನುವಾರ ಅಂತ ಬರೆದಿದೀರಿ. ಅದಕ್ಕೆ ಮುಂಚೆ ಡಾಕ್ಟ್ರ ಆಫೀಸಿಗೆ ಫೋನ್ ಮಾಡಿ ಆ ತಾರೀಖು ಬರೆಸ್ಕೊಳ್ಳಿ, ಅವರು ಏನಂದ್ರು ಅಂತ ಇಲ್ಲೇ ಕಾಮೆಂಟಲ್ಲಿ ಹಾಕಿ, ಯಾವ ಕ್ವಾರ್ಟರ್ ಲೆಕ್ಕಕ್ಕೆ ಬರುತ್ತೆ ಅಂತ ನೋಡಿ ಹೇಳ್ತೀನಿ.