ಕ್ರಯಪತ್ರದಲ್ಲಿ ಅಣ್ಣನ ಹೆಸರು

ವಸುಧಾ (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ) 41 ವರ್ಷದ ಉಪನ್ಯಾಸಕಿ, ಅವಿವಾಹಿತೆ. ತಂದೆ ಇಲ್ಲ, ತಾಯಿ ಜೊತೆಗಿದ್ದಾರೆ. ಮೈಸೂರಿನಲ್ಲಿ ಫ್ಲ್ಯಾಟ್ ನೋಡಿ, ಸಾಲ ಮಂಜೂರಾಗಿ, ಕಂತು ಸಂಬಳದ ಮೂರನೇ ಒಂದು ಭಾಗಕ್ಕೆ ಹೊಂದಿದ ಮೇಲೂ ಸಹಿ ಹಾಕಲು ಕೈ ಬರದೆ ನನ್ನ ಬಳಿ ಸಲಹೆಗೆ ಬಂದಿದ್ದರು.

“ಸ್ವಂತ ಮನೆ ಮಾಡಿಕೊಂಡುಬಿಟ್ಟರೆ ಇನ್ನು ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ?” ಎಂಬುದು ತಾಯಿಯ ಅಳಲು. “ಒಬ್ಬಳೇ ಹೆಣ್ಣಿನ ಹೆಸರಿನಲ್ಲಿ ಆಸ್ತಿ ಬೇಡ, ನನ್ನ ಹೆಸರನ್ನೂ ಸೇರಿಸು” ಎಂಬುದು ಅಣ್ಣನ ಒತ್ತಾಯ. ಹಣ ಹಾಕುವ ಮಾತು ಅದರಲ್ಲಿರಲಿಲ್ಲ.

“ಅಣ್ಣ ಕೆಟ್ಟವನಲ್ಲ ಮೇಡಂ. ಸೇರಿಸಿಬಿಟ್ಟರೆ ಮನೆಯಲ್ಲಿ ನೆಮ್ಮದಿ” ಎಂದರು. ನಾನು ನಂಬಿದೆ. ಅಣ್ಣ ಕೆಟ್ಟವರಾಗಿದ್ದರೆ ವಸುಧಾ ಎಂದೋ ಬೇಡ ಎನ್ನುತ್ತಿದ್ದರು.

“ಮುಂದೆ ಮಾರಬೇಕಾದರೆ ಯಾರ ಸಹಿ ಬೇಕು?”

“ಅಣ್ಣನದೂ.”

“ಅವರ ಕಾಲಾನಂತರ?”

ಸ್ವಲ್ಪ ತಡೆದು ಹೇಳಿದರು: “ಅತ್ತಿಗೆಯದು, ಮಕ್ಕಳದು.”

ಕ್ರಯಪತ್ರ ನಿಮ್ಮೊಬ್ಬರ ಹೆಸರಿನಲ್ಲೇ ಆಗಲಿ ಎಂದೆ. ಸೇರಿಸಿದ ಹೆಸರನ್ನು ತೆಗೆಯಲು ಅಣ್ಣನೇ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಮುಂದೆ ಆಸ್ತಿ ಅಣ್ಣನಿಗೆ ಸೇರಲಿ ಎಂದಿದ್ದರೆ ಉಯಿಲು ಬರೆಯಬಹುದು; ಅದು ಹಾಗಲ್ಲ. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು. ಉಯಿಲು ಬರೆಯದಿದ್ದರೂ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವಿವಾಹಿತೆಯ ಸ್ವಯಾರ್ಜಿತ ಆಸ್ತಿ, ಮಕ್ಕಳಿಲ್ಲದಿದ್ದರೆ, ಮೊದಲು ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ಅಣ್ಣ ಹೇಗೂ ಆ ಸಾಲಿನಲ್ಲಿದ್ದಾರೆ. ಈಗಲೇ ಪಾಲು ಕೊಡುವ ಅಗತ್ಯವೇನು?

ಹೆಣ್ಣಿನ ಹೆಸರಿಗೆ ಮುದ್ರಾಂಕ ಶುಲ್ಕ ಕಡಿಮೆ ಎಂದು ಯಾರೋ ಹೇಳಿದ್ದರಂತೆ. ದೆಹಲಿಯಲ್ಲಿ ಹೌದು, ಕರ್ನಾಟಕದಲ್ಲಿ ಆ ರಿಯಾಯಿತಿ ಇಲ್ಲ. ಋಣಭಾರ ಪತ್ರ (ಆಸ್ತಿಯ ಮೇಲೆ ಸಾಲದ ಹೊರೆ ಇದೆಯೇ ಎಂದು ತೋರಿಸುವುದು), ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇವುಗಳ ಪರಿಶೀಲನೆಗೆ ವಕೀಲರ ಬಳಿ ಕಳುಹಿಸಿದೆ.

ತಾಯಿಯೊಡನೆ ಮದುವೆಯ ವಾದ ಬೇಡ, ಅವರ ಭಯವೇನೆಂದು ಕೇಳಿ ಎಂದಿದ್ದೆ. ಕೇಳಿದಾಗ ಹೊರಬಿದ್ದದ್ದು ವರನ ಚಿಂತೆಯಲ್ಲ: “ನಾನು ಹೋದ ಮೇಲೆ ನಿನಗೆ ಜ್ವರ ಬಂದರೆ ಗಂಜಿ ಕಾಯಿಸಿಕೊಡುವವರು ಯಾರು?” ಅದಕ್ಕೆ ಕ್ರಯಪತ್ರದಲ್ಲಿ ಉತ್ತರವಿಲ್ಲ. ಆರು ತಿಂಗಳ ಕಂತು ಬೇರೆ ಠೇವಣಿಯಲ್ಲಿರಲಿ, ಸಾಲದ ಮೊತ್ತಕ್ಕೆ ವಿಮೆ ಇರಲಿ, ಒಂದು ಬೀಗದ ಕೈ ನಂಬುವ ಗೆಳತಿಯ ಬಳಿಯಿರಲಿ; ಇವನ್ನೆಲ್ಲ ತಾಯಿಗೆ ತೋರಿಸಿಯೇ ಮಾಡಿ ಎಂದೆ.

ನೋಂದಣಿ ಅವರೊಬ್ಬರ ಹೆಸರಿನಲ್ಲೇ ಆಯಿತು. ತಾಯಿ ಉಪನೋಂದಣಿ ಕಚೇರಿಗೆ ಬಂದಿದ್ದರು, ಅಣ್ಣ ಬರಲಿಲ್ಲ. ಮುನಿಸು ಇನ್ನೂ ಇಳಿದಿಲ್ಲ. ಗೃಹಪ್ರವೇಶಕ್ಕೆ ಅವರ ಮನೆಗೇ ಹೋಗಿ ಕುಂಕುಮವಿಟ್ಟು ಕರೆಯಿರಿ, ಆದರೆ ಕ್ಷಮೆ ಕೇಳಬೇಡಿ ಎಂದು ಹೇಳಿದ್ದೇನೆ.